ಸಾಮಾಜಿಕ ಜಾಲತಾಣ ಮತ್ತು ಸ್ತ್ರೀವಾದ: ಚಿಕ್ಕೋಡಿ ಸೀಮೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಮಹಿಳಾ ಚಳವಳಿಗೂ ಫೇಸ್‌ಬುಕ್, ಯೂಟ್ಯೂಬ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂಗಳಂಥ ಸಾಮಾಜಿಕ ಜಾಲತಾಣಗಳಿಗೂ ಇರುವ ನಂಟನ್ನು ಈ ಲೇಖನ ಪರಿಚಯಿಸುತ್ತದೆ. ಸ್ತ್ರೀವಾದದ ಮೇಲೆ ಜಾಲತಾಣದ ಪ್ರಭಾವ ಎಂದೊಡನೆ ಬೆಂಗಳೂರು, ದೆಹಲಿ, ಮುಂಬಯಿಗಳ ಅಭಿಯಾನಗಳೇ ನೆನಪಿಗೆ ಬರುತ್ತವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಗಡಿ ಸೀಮೆಯಲ್ಲಿ ಕಥೆ ಬೇರೆ ರೀತಿ ನಡೆದಿದೆ. ಇಲ್ಲಿಯ ಹೆಂಗಸರು ಮೊಬೈಲ್ ಬರುವುದಕ್ಕೆ ಬಹಳ ಮುಂಚೆಯೇ ಸಂಘ ಕಟ್ಟಿ, ಮುಷ್ಕರ ಹೂಡಿ, ಕ್ಯಾಮರಾದ ಮುಂದೆ ನಿಂತು ಮಾತಾಡಿದ್ದರು. ಆಮೇಲೆ ಬಂದ ಜಾಲತಾಣ, ಬೆನ್ನಿಗೆ ಸಂಘವಿದ್ದ ಕಡೆ ಆ ಮಾತನ್ನು ದೂರಕ್ಕೆ ಒಯ್ದಿತು. ಸಂಘ ಇಲ್ಲದ ಕಡೆ ಹೆಂಗಸಿನ ಚಿತ್ರವನ್ನಷ್ಟೇ ಒಯ್ದಿತು, ಮಾತು ಹಿಂದೆಯೇ ಉಳಿಯಿತು.

ಸೀಮೆ

ಐದು ತಾಲ್ಲೂಕುಗಳಲ್ಲಿ ನಿಪ್ಪಾಣಿ ಮತ್ತು ಕಾಗವಾಡ ಹೊಸವು. 2017ರಲ್ಲಿ ಸರ್ಕಾರ ಘೋಷಿಸಿದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಇವೂ ಇದ್ದವು. ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲ್ಲೂಕಿಗೆ, ಕಾಗವಾಡ ಅಥಣಿ ತಾಲ್ಲೂಕಿಗೆ ಸೇರಿದ್ದವು. ಕಬ್ಬು, ಸಕ್ಕರೆ ಕಾರ್ಖಾನೆ, ತಂಬಾಕು, ಬೀಡಿ, ಚರ್ಮದ ಚಪ್ಪಲಿ ಇಲ್ಲಿಯ ದುಡಿಮೆಯ ಮುಖ್ಯ ದಾರಿಗಳು, ಅಷ್ಟರಲ್ಲೂ ಹೆಂಗಸರ ಕೈ ಇದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಅಥವಾ ಅದು ತಿರುವುಮುರುವು. ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡೂ ಭಾಷೆ ಹರಿದಾಡುವುದು ಇಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. ಗಡಿ ವಿವಾದದ ಪೋಸ್ಟುಗಳು ಎರಡೂ ಕಡೆಯ ಗಂಡಸರನ್ನು ಆಗಾಗ ಕೆರಳಿಸುತ್ತವೆ. ಸಾವಿತ್ರಿಬಾಯಿ ಫುಲೆ ಜಯಂತಿಯ ಜನವರಿ 3ರ ಶುಭಾಶಯಕ್ಕೆ ಮಾತ್ರ ಗಡಿಯ ತಕರಾರಿಲ್ಲ.

ತಂಬಾಕಿನ ವಖಾರಿಯಿಂದ ತೆರೆಗೆ

ನಿಪ್ಪಾಣಿಯ ತಂಬಾಕಿನ ಹೆಸರು ಹೊರಗಿನವರಿಗೆ ಗೊತ್ತಾದದ್ದು ಮುಖ್ಯವಾಗಿ 1981ರ ರೈತ ಚಳವಳಿಯಿಂದ. ಶರದ ಜೋಶಿಯವರ ನಾಯಕತ್ವದಲ್ಲಿ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯನ್ನು ವಾರಗಟ್ಟಲೆ ತಡೆದರು. ಆ ವರ್ಷದ ಏಪ್ರಿಲ್ 6ರಂದು ಪೊಲೀಸರ ಗೋಲಿಬಾರಿನಲ್ಲಿ ರೈತರು ಸತ್ತರು. ಆ ಚಳವಳಿ ಬೆಲೆಯನ್ನು ಕೇಳಿತ್ತು. ಅದೇ ಊರಿನ ವಖಾರಿಗಳಲ್ಲಿ ತಂಬಾಕು ಹಸನು ಮಾಡುತ್ತಿದ್ದ, ಮನೆಗಳಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸರು ಕೇಳಿದ್ದು ಕೂಲಿಯನ್ನು, ಮರ್ಯಾದೆಯನ್ನು. ದಿನವಿಡೀ ಧೂಳು ಕುಡಿಯುವುದು, ಕೆಮ್ಮು, ಕಡಿಮೆ ಕೂಲಿ, ಮೇಲ್ವಿಚಾರಕರ ಕೈಯಿಂದ ಮೈಮೇಲಿನ ಕಿರುಕುಳ, ಸರಿಯಿಲ್ಲವೆಂದು ಬೀಡಿಗಳನ್ನು ತಳ್ಳಿಹಾಕಿ ಕೂಲಿ ಮುರಿಯುವುದು ಇವೆಲ್ಲ ನಿತ್ಯದ ಸಂಗತಿಗಳಾಗಿದ್ದವು. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ 1966ರಲ್ಲೇ ಬಂದಿತ್ತು, ನಿಪ್ಪಾಣಿಯ ಓಣಿಗಳಿಗೆ ಅದು ತಾನಾಗಿ ನಡೆದುಬರಲಿಲ್ಲ. ಸುಭಾಷ ಜೋಶಿ ಮತ್ತು ಅವರ ಜೊತೆಗಾರರು ಕಟ್ಟಿದ ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದೊಳಗೆ ಹೆಂಗಸರು ಸಾವಿರಗಟ್ಟಲೆ ಸೇರಿದ ಮೇಲೆಯೇ ಕಾಯ್ದೆಗೆ ಕಾಲು ಬಂದದ್ದು.

ಈ ಸಂಘಟನೆಯ ಸುದ್ದಿ ಕೇಳಿ ಬೆಂಗಳೂರಿನಿಂದ ಯುಗಾಂತರ ಎಂಬ ಸ್ತ್ರೀವಾದಿ ಚಲನಚಿತ್ರ ಬಳಗ ನಿಪ್ಪಾಣಿಗೆ ಬಂತು. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಆ ಬಳಗದವರು. ಪುಣೆಯ ಮನೆಗೆಲಸದ ಹೆಂಗಸರ ಹೋರಾಟದ ಬಗ್ಗೆ ‘ಮೋಲಕರೀಣ’ (1981) ತೆಗೆದಿದ್ದ ಅವರು, ಮರುವರ್ಷ ನಿಪ್ಪಾಣಿಯ ಕಾರ್ಮಿಕರ ಜೊತೆ ‘ತಂಬಾಕು ಚಾಕಿಲಾ ಊಬ ಆಲಿ’ (1982) ಎಂಬ ಕಿರು ಸಾಕ್ಷ್ಯಚಿತ್ರ ಮಾಡಿದರು. ಇಲ್ಲಿ ‘ಜೊತೆ’ ಎನ್ನುವುದನ್ನು ಒತ್ತಿ ಹೇಳಬೇಕು. ಬಳಗ ತಿಂಗಳುಗಟ್ಟಲೆ ಆ ಹೆಂಗಸರ ನಡುವೆ ಇದ್ದು, ಏನು ಚಿತ್ರಿಸಬೇಕು, ಹೇಗೆ ಹೇಳಬೇಕು ಎಂಬುದನ್ನು ಅವರೊಡನೆ ಕೂತು ತೀರ್ಮಾನಿಸಿತು. ವಖಾರಿಯಲ್ಲಿ ನಡೆದದ್ದನ್ನು ಕೆಲವೆಡೆ ಕಾರ್ಮಿಕರೇ ಮತ್ತೆ ಆಡಿ ತೋರಿಸಿದರು. ಕ್ಯಾಮರಾ ಸಭೆಯ ಹೊರಗೆ ನಿಂತು ಇಣುಕಿದ್ದಲ್ಲ, ಸಭೆಯೊಳಗೆ ಬಂದು ಕೂತಿತ್ತು. ಸಿದ್ಧವಾದ ಚಿತ್ರದ ಸುರುಳಿ ಪ್ರೊಜೆಕ್ಟರ್ ಜೊತೆ ಬೇರೆ ಊರುಗಳ ಮಹಿಳಾ ಗುಂಪು, ಕಾರ್ಮಿಕ ಸಂಘಗಳಿಗೆ ಹೋಗಿ, ಪ್ರದರ್ಶನ ಮುಗಿದ ಮೇಲೆ ಚರ್ಚೆಯಾಗುತ್ತಿತ್ತು. ಇಂದಿನ ಹಂಚಿಕೆ, ಪ್ರತಿಕ್ರಿಯೆಗಳೆಲ್ಲ ಆ ಪ್ರದರ್ಶನಗಳಲ್ಲಿ ಇದ್ದವು. ವೇಗ ಮಾತ್ರ ಬಸ್ಸಿನದು.

ದಶಕಗಳ ಬಳಿಕ ಬರ್ಲಿನ್ನಿನ ಆರ್ಸೆನಾಲ್ ಚಲನಚಿತ್ರ ಸಂಸ್ಥೆ ಯುಗಾಂತರ ಮಾಡಿದ ಒಟ್ಟು ನಾಲ್ಕು ಚಿತ್ರಗಳನ್ನೂ ಡಿಜಿಟಲ್ ರೂಪದಲ್ಲಿ ಪುನರುದ್ಧಾರ ಮಾಡಿತು, ಈಗ ಅವು ಅಂತರಜಾಲದಲ್ಲಿ ಲಭ್ಯ. ಹೊಸ ತಲೆಮಾರಿನ ಸ್ತ್ರೀವಾದಿಗಳು ನಿಪ್ಪಾಣಿಯ ಹೆಸರನ್ನು ಮೊದಲು ಕೇಳುವುದು ಬಹುಮಟ್ಟಿಗೆ ಇವುಗಳಲ್ಲಿನ ತಂಬಾಕಿನ ಚಿತ್ರದಿಂದ. ಆದರೆ ವಿದ್ವತ್ ಗೋಷ್ಠಿಗಳಲ್ಲಿ ಅದರ ಬಗ್ಗೆ ಆಗುವ ಮಾತುಕತೆ ಹೆಚ್ಚಾಗಿ ಇಂಗ್ಲಿಷಿನಲ್ಲಿ. ತನ್ನ ಅಜ್ಜಿ ಮುಷ್ಕರದಲ್ಲಿ ಕೂತಿದ್ದಳೆಂದು ನಿಪ್ಪಾಣಿಯ ಕಾಲೇಜು ಹುಡುಗಿಗೆ ಆ ಚರ್ಚೆಗಳಿಂದ ತಿಳಿಯುವ ಸಾಧ್ಯತೆ ಕಡಿಮೆ.

ದೇವದಾಸಿ ವಿಮೋಚನೆ ಮತ್ತು 2010ರ ಯೂಟ್ಯೂಬ್ ಉತ್ತರ

ಈ ಸೀಮೆಯ ಎರಡನೆಯ ದೊಡ್ಡ ಹೋರಾಟ ದೇವದಾಸಿ ಪದ್ಧತಿಯ ವಿರುದ್ಧದ್ದು. ಸವದತ್ತಿ ಯಲ್ಲಮ್ಮನಿಗೆ ಮುತ್ತು ಕಟ್ಟುವ ರೂಢಿ ದಲಿತ ಕುಟುಂಬಗಳ ಹೆಣ್ಣುಮಕ್ಕಳನ್ನು ಹಿಡಿದಿತ್ತು; ಗಡಿಯಾಚೆಯ ಗಡಹಿಂಗ್ಲಜದಲ್ಲಿ 1975ರಲ್ಲೇ ಇದರ ವಿರುದ್ಧ ಪರಿಷತ್ತು ನಡೆಯಿತು, ನಿಪ್ಪಾಣಿಯೂ ಆ ಚಳವಳಿಯ ನೆಲೆಯಾಯಿತು. ಸಮಾಜಶಾಸ್ತ್ರಜ್ಞೆ ಗೇಲ್ ಓಂವೆಟ್ 1983ರಲ್ಲಿ ‘ಮಾನುಷಿ’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಕರ್ನಾಟಕದ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ 1982ರದು.

ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡವರು. ಮೈರಾಡ ಸಂಸ್ಥೆಯ ಕಾರ್ಯಕ್ರಮದ ಮೂಲಕ ಹೊರಬಂದು, ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ನಡೆಸುವ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು (ಮಾಸ್) ಕಟ್ಟುವಲ್ಲಿ ಮುಂದಾದರು. 1997ರಿಂದ ಸ್ವತಂತ್ರವಾಗಿ ನಡೆದಿರುವ ಈ ಸಂಸ್ಥೆ ಸಾವಿರಾರು ಹೆಂಗಸರನ್ನು ಆ ಪದ್ಧತಿಯಿಂದ ಬಿಡಿಸಿ, ಉಳಿತಾಯ ಸಂಘ, ಸಾಲ, ಮಕ್ಕಳ ಓದಿನ ಮೂಲಕ ನೆಲೆ ನಿಲ್ಲಿಸಿತು. 2018ರಲ್ಲಿ ಸೀತವ್ವನಿಗೆ ಪದ್ಮಶ್ರೀ ಬಂದಾಗ ಅವರ ಫೋಟೋ ಕನ್ನಡದ ಜಾಲತಾಣಗಳಲ್ಲೆಲ್ಲ ಓಡಾಡಿತು. ಇಪ್ಪತ್ತು ವರ್ಷ ಊರೂರು ತಿರುಗಿ ಮಾಡಿದ ಕೆಲಸ ಒಂದು ವಾರದ ಮೆಚ್ಚುಗೆಯಾಗಿ ಕಂಡದ್ದು ಮಾಧ್ಯಮದ ಗುಣವೇ ಹೊರತು ಅವರದಲ್ಲ.

ಜಾಲತಾಣ ಮತ್ತು ಸ್ತ್ರೀವಾದದ ಚರ್ಚೆಯಲ್ಲಿ ಇದಕ್ಕಿಂತ ಮಹತ್ವದ ಘಟನೆ ನಡೆದದ್ದು ಕಾಗವಾಡದ ನೆರೆಯ ಸಾಂಗಲಿ–ಮಿರಜದಲ್ಲಿ. ಕಾಗವಾಡದವರಿಗೆ ಮಿರಜ ಎಂದರೆ ದವಾಖಾನೆಯ ಊರು, ಪೇಟೆಯ ಊರು. ಬೆಳಗಾವಿ ಅದಕ್ಕಿಂತ ಬಹಳ ದೂರ. ಸಾಂಗಲಿ–ಮಿರಜದ ಲೈಂಗಿಕ ಕಾರ್ಮಿಕರಲ್ಲಿ ಅನೇಕರು ಉತ್ತರ ಕರ್ನಾಟಕದಿಂದ ಹೋದ, ಕನ್ನಡ ಮಾತಾಡುವ, ಯಲ್ಲಮ್ಮನಿಗೆ ಬಿಟ್ಟ ಹೆಂಗಸರು. ಸಾಂಗಲಿಯ ಸಂಗ್ರಾಮ್ ಸಂಸ್ಥೆಯ ಬೆಂಬಲದಿಂದ 1996ರಲ್ಲಿ ಅವರು ತಮ್ಮದೇ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು, ಅಂದರೆ ವ್ಯಾಂಪ್, ಕಟ್ಟಿಕೊಂಡರು. ಇದರ ಕೆಲಸ ಗಡಿಯ ಈಚೆಗೂ ಹಬ್ಬಿದೆ. ಇವರ ಮಕ್ಕಳ ‘ಮಿತ್ರ’ ಬಳಗದ ವಸತಿನಿಲಯ ನಿಪ್ಪಾಣಿಯಲ್ಲಿದೆ.

2010ರಲ್ಲಿ ವೈಸ್ ಮಾಧ್ಯಮ ಸಂಸ್ಥೆಯ ಅಂತರಜಾಲ ವಾಹಿನಿ ದೇವದಾಸಿಯರ ಬಗ್ಗೆ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಸಾಕ್ಷ್ಯಚಿತ್ರ ಪ್ರಕಟಿಸಿತು. ಅದರಲ್ಲಿ ಕಾಣಿಸಿಕೊಂಡ ವ್ಯಾಂಪ್ ಸದಸ್ಯೆಯರು ಚಿತ್ರ ನೋಡಿ ಸಿಟ್ಟಾದರು. ತಮ್ಮ ಬದುಕನ್ನು ಗೇಲಿಯ ದನಿಯಲ್ಲಿ ಹೇಳಿದ್ದಾರೆ, ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಜಗತ್ತಿಗೆ ಸಾರಿದ್ದಾರೆ, ಮಾತಾಡಿದ್ದನ್ನು ತಿರುಚಿದ್ದಾರೆ ಎಂಬುದು ಅವರ ದೂರು. ಲಂಡನ್ನಿನಿಂದ ಬಂದು ಹೋದವರಿಗೆ ಪತ್ರ ಬರೆದು ಕಾಯುವ ಬದಲು ಅವರು ಕ್ಯಾಮರಾ ಮುಂದೆ ಕೂತು ಒಂದೊಂದೇ ಆರೋಪಕ್ಕೆ ಉತ್ತರ ಹೇಳಿ, ಆ ವಿಡಿಯೊವನ್ನು ಯೂಟ್ಯೂಬಿಗೆ ಏರಿಸಿದರು. ಅದು ಹಲವು ದೇಶಗಳ ಸ್ತ್ರೀವಾದಿ ವಲಯಗಳಲ್ಲಿ ಹಂಚಿಕೆಯಾಗಿ, ಚಿತ್ರ ಮಾಡಿದವರೇ ಸಮಜಾಯಿಷಿ ಕೊಡಬೇಕಾಯಿತು.

ಭಾರತದಲ್ಲಿ ಸ್ಮಾರ್ಟ್‌ಫೋನ್ ಇನ್ನೂ ಶ್ರೀಮಂತರ ವಸ್ತುವಾಗಿದ್ದ ವರ್ಷವದು. ಹ್ಯಾಷ್‌ಟ್ಯಾಗ್ ಸ್ತ್ರೀವಾದ ಎಂಬ ಮಾತು ಇಲ್ಲಿ ಹುಟ್ಟಿರಲೇ ಇಲ್ಲ. ಅಂಥ ಹೊತ್ತಿನಲ್ಲಿ ಓದು ಬರಹ ಹೆಚ್ಚಿಲ್ಲದ ಹೆಂಗಸರು ಜಾಗತಿಕ ಮಾಧ್ಯಮ ಸಂಸ್ಥೆಯೊಂದಕ್ಕೆ ಅದರದೇ ಅಸ್ತ್ರದಿಂದ ಉತ್ತರ ಕೊಟ್ಟರು. ಭಾರತೀಯ ಅಂತರಜಾಲ ಸ್ತ್ರೀವಾದದ ಚರಿತ್ರೆ ಬರೆಯುವವರು ಇದನ್ನು ಅಡಿಟಿಪ್ಪಣಿಗೆ ತಳ್ಳುವುದು ಸರಿಯಲ್ಲ. ಆ ವಿಡಿಯೊ ಸಾಧ್ಯವಾದದ್ದು ಹದಿನಾಲ್ಕು ವರ್ಷ ವಾರವಾರ ಸಭೆ ಸೇರಿದ ಪರಿಷತ್ತು ಬೆನ್ನಿಗಿದ್ದುದರಿಂದ ಎಂಬುದನ್ನೂ ಜೊತೆಗೆ ಬರೆಯಬೇಕು.

ರಾಜಧಾನಿಯ ಅಭಿಯಾನಗಳು

ಕರ್ನಾಟಕದ ಸ್ತ್ರೀವಾದಕ್ಕೆ ತನ್ನದೇ ಮಾಧ್ಯಮ ಬೇಕೆಂಬ ಹಂಬಲ ಹಳೆಯದು: ನಂಜನಗೂಡು ತಿರುಮಲಾಂಬ ‘ಕರ್ನಾಟಕ ನಂದಿನಿ’ ನಡೆಸಿದರು, ಆರ್. ಕಲ್ಯಾಣಮ್ಮ 1921ರಿಂದ ‘ಸರಸ್ವತಿ’ ನಡೆಸಿದರು. ಅಂತರಜಾಲದ ಕಾಲದಲ್ಲಿ ‘ಹಿತೈಷಿಣಿ’ಯಂಥ ಕನ್ನಡ ಮಹಿಳಾ ತಾಣ ಅದೇ ಸಾಲಿಗೆ ಬಂತು. ಅಭಿಯಾನಗಳ ಕಡೆ ನೋಡಿದರೆ, ಬೆಂಗಳೂರಿನಲ್ಲಿ ಜಾಸ್ಮೀನ್ ಪಠೇಜಾ 2003ರಲ್ಲಿ ಆರಂಭಿಸಿದ ‘ಬ್ಲಾಂಕ್ ನಾಯ್ಸ್’ ಬೀದಿ ಕಿರುಕುಳದ ಅನುಭವಗಳನ್ನು ಬ್ಲಾಗುಗಳ ಮೂಲಕ ಒಟ್ಟುಗೂಡಿಸಿತು. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿನಲ್ಲಿ ಶ್ರೀರಾಮ ಸೇನೆಯವರು ಹುಡುಗಿಯರ ಮೇಲೆ ಕೈ ಮಾಡಿದ ಮೇಲೆ, ಪತ್ರಕರ್ತೆ ನಿಶಾ ಸೂಸನ್ ಫೇಸ್‌ಬುಕ್ ಗುಂಪು ಕಟ್ಟಿ ‘ಪಿಂಕ್ ಚಡ್ಡಿ’ ಅಭಿಯಾನ ನಡೆಸಿದರು. ಪ್ರೇಮಿಗಳ ದಿನಕ್ಕೆ ಸೇನೆಯ ಹುಬ್ಬಳ್ಳಿ ಕಚೇರಿಗೆ ಗುಲಾಬಿ ಒಳಉಡುಪುಗಳ ಪಾರ್ಸೆಲ್ಲುಗಳು ಬಂದವು. ಸೇನೆಯ ಮುಖ್ಯಸ್ಥ ಪ್ರಮೋದ ಮುತಾಲಿಕ್ ಚಿಕ್ಕೋಡಿಗೆ ಹೊಂದಿಕೊಂಡ ಹುಕ್ಕೇರಿಯ ಮೂಲದವರು, ಹಾಗಾಗಿ ಈ ಸುದ್ದಿ ಇಲ್ಲಿ ತಮಾಷೆಯಾಗಿಯೂ ಸಿಟ್ಟಾಗಿಯೂ ಹರಡಿತು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವಳಿಗೆ ಪಬ್ಬಿನ ಹಕ್ಕು ತನ್ನದೆನಿಸಲಿಲ್ಲವೆಂದರೆ ತಪ್ಪು ಹುಡುಕಬೇಕಾಗಿಲ್ಲ. ಆದರೆ ಹೆಂಗಸು ಎಲ್ಲಿ ಕೂರಬೇಕು, ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂದು ಗುಂಪು ತೀರ್ಮಾನಿಸುವ ರೀತಿ ಅವಳಿಗೂ ಪರಿಚಿತವೇ. ಪಬ್ ದಾಳಿಯ ಆರೋಪಿಗಳು 2018ರಲ್ಲಿ ಖುಲಾಸೆಯಾದರು.

2017ರ ಹೊಸ ವರ್ಷದ ರಾತ್ರಿ ಬೆಂಗಳೂರಿನ ಬ್ರಿಗೇಡ್ ರಸ್ತೆ, ಎಂ.ಜಿ. ರಸ್ತೆಗಳ ಕಿರುಕುಳದ ಬಳಿಕ ಜನವರಿ 21ರಂದು ದೇಶದ ಹಲವು ನಗರಗಳಲ್ಲಿ ‘ಐ ವಿಲ್ ಗೋ ಔಟ್’ ನಡಿಗೆ ನಡೆಯಿತು. 2018ರ ಅಕ್ಟೋಬರಿನ ‘ಮೀ ಟೂ’ ಅಲೆಯಲ್ಲಿ ನಟಿ ಶ್ರುತಿ ಹರಿಹರನ್ ನಟ ಅರ್ಜುನ್ ಸರ್ಜಾ ಮೇಲೆ ಮಾಡಿದ ಆರೋಪ ಕನ್ನಡ ಚಿತ್ರರಂಗವನ್ನು ಇಬ್ಭಾಗ ಮಾಡಿತು. ಸರ್ಜಾ ಅದನ್ನು ಅಲ್ಲಗಳೆದರು, 2021ರಲ್ಲಿ ಪೊಲೀಸರು ಸಾಕ್ಷ್ಯವಿಲ್ಲವೆಂದು ಬಿ ವರದಿ ಸಲ್ಲಿಸಿದರು. ಗೌರಿ ಲಂಕೇಶ್ ಹತ್ಯೆಯಾದ ದಿನವಾದ ಸೆಪ್ಟೆಂಬರ್ 5ರಂದು, 2020ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಅಭಿಯಾನ ಕನ್ನಡದಲ್ಲಿ ‘ನಾವೆದ್ದು ನಿಲ್ಲದಿದ್ದರೆ’ ಎಂಬ ಹೆಸರಿನಿಂದ ನಡೆಯಿತು.

‘ಮೀ ಟೂ’ ಈ ಸೀಮೆಗೆ ಮುಟ್ಟಿದ್ದು ಟಿವಿ ಚರ್ಚೆಯಾಗಿ. ಅದರ ಹಿಂದಿನ ಕಾನೂನು ಮಾತ್ರ ಇಲ್ಲಿಗೂ ಅನ್ವಯಿಸುತ್ತದೆ. 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಕಚೇರಿಗಳಿಗೆ ಆಂತರಿಕ ಸಮಿತಿ ವಿಧಿಸುವುದರ ಜೊತೆಗೆ, ಹತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಕಡೆಗಳಿಗೆ ಮತ್ತು ಮಾಲೀಕನ ವಿರುದ್ಧವೇ ದೂರಿದ್ದಾಗ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯನ್ನು ಕೊಟ್ಟಿದೆ. ಮನೆಗೆಲಸದವಳು, ವಖಾರಿಯ ಕೂಲಿ, ಕಬ್ಬು ಕಡಿಯುವ ತಂಡದ ಹೆಂಗಸು ದೂರು ಕೊಡಬೇಕಾದ ಜಾಗ ಅದು. ‘ಮೀ ಟೂ’ ಬಗ್ಗೆ ಲಕ್ಷಗಟ್ಟಲೆ ಕನ್ನಡ ಪೋಸ್ಟುಗಳು ಬಂದಿರಬಹುದು; ಈ ಸಮಿತಿಯ ವಿಳಾಸ ತಿಳಿಸಿದವು ಬೆರಳೆಣಿಕೆಯಷ್ಟೇ ಎನ್ನಲು ಹಿಂಜರಿಕೆ ಬೇಕಿಲ್ಲ.

ಯಾರ ಕೈಯಲ್ಲಿ ಫೋನು

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಅಂತರಜಾಲ ಬಳಸಿದ ಹೆಂಗಸರು ಸುಮಾರು ಶೇ 35, ಗಂಡಸರು ಸುಮಾರು ಶೇ 62. ಹಳ್ಳಿಗಳಲ್ಲಿ ಹೆಂಗಸರ ಪ್ರಮಾಣ ಇನ್ನೂ ಕಡಿಮೆ. ಅದಾದ ಮೇಲೆ ಪರಿಸ್ಥಿತಿ ಬದಲಾಗಿದೆ. ಕೋವಿಡ್ ಕಾಲದ ಆನ್‌ಲೈನ್ ಪಾಠ ಮನೆಮನೆಗೆ ಸ್ಮಾರ್ಟ್‌ಫೋನ್ ತಂದಿತು. ಆದರೂ ಫೋನು ಮನೆಗೆ ಬರುವುದು ಬೇರೆ, ಹೆಣ್ಣುಮಗಳ ಕೈಗೆ ಬರುವುದು ಬೇರೆ. ಮಗಳ ಕೈಯಲ್ಲಿ ಫೋನು ಕಂಡರೆ ಲಗ್ನದ ಮಾತು ಬೇಗ ಏಳುವ ಮನೆಗಳು ಇಲ್ಲಿ ಈಗಲೂ ಇವೆ.

ಅಂಗನವಾಡಿ ಕಾರ್ಯಕರ್ತೆಯರಿಗೆ, ಆಶಾ ಕಾರ್ಯಕರ್ತೆಯರಿಗೆ ಫೋನು ಮೊದಲು ಬಂದದ್ದು ಕೆಲಸದ ಹೊರೆಯಾಗಿ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ತೂಕ, ಎತ್ತರ, ಹಾಜರಿ ತುಂಬುವುದು ಕಡ್ಡಾಯ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೇಲಧಿಕಾರಿಗಳ ಸೂಚನೆಗೆ ಹೊತ್ತು ಗೊತ್ತಿಲ್ಲ. ಅದೇ ಫೋನಿನಲ್ಲಿ ಸಂಘದ ಇನ್ನೊಂದು ಗುಂಪೂ ಇರುತ್ತದೆ. 2023ರ ಜನವರಿಯಲ್ಲಿ ಅಂಗನವಾಡಿ ನೌಕರರು, 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಾಗ, ಯಾವ ರೈಲು, ಎಲ್ಲಿ ಊಟ, ಮಾತುಕತೆ ಎಲ್ಲಿಗೆ ಬಂತು ಎಂಬುದೆಲ್ಲ ಊರಲ್ಲುಳಿದವರಿಗೆ ಮುಟ್ಟಿದ್ದು ಇಂಥ ಗುಂಪುಗಳಿಂದ. ಇದನ್ನು ಯಾರೂ ಸ್ತ್ರೀವಾದಿ ಅಭಿಯಾನ ಎಂದು ಕರೆಯುವುದಿಲ್ಲ, ಹ್ಯಾಷ್‌ಟ್ಯಾಗ್ ಸಹ ಇರುವುದಿಲ್ಲ. ಈ ಸೀಮೆಯ ಮಟ್ಟಿಗೆ ಜಾಲತಾಣದಿಂದ ಹೆಂಗಸರಿಗೆ ಆದ ಹೆಚ್ಚಿನ ಉಪಯೋಗ ಇದೇ.

ಹೋಳಿಗೆ ಊಟದ ವಿಡಿಯೊ

2024ರ ಆಗಸ್ಟಿನಲ್ಲಿ ರಾಯಬಾಗ ತಾಲ್ಲೂಕಿನ ಹಳ್ಳಿಯೊಂದರ ಅಜ್ಜಿ ಗೃಹಲಕ್ಷ್ಮಿ ಯೋಜನೆಯ ದುಡ್ಡು ಕೂಡಿಟ್ಟು ಊರಿಗೆ ಹೋಳಿಗೆ ಊಟ ಹಾಕಿಸಿದರು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ಈ ಯೋಜನೆ 2023ರ ಆಗಸ್ಟ್ 30ರಂದು ಆರಂಭವಾಗಿತ್ತು. ಊಟದ ವಿಡಿಯೊ ಎಲ್ಲೆಡೆ ಹರಡಿ, ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ ಖಾತೆಯಲ್ಲಿ ಮೆಚ್ಚಿ ಬರೆದರು. ಇದರ ಬೆನ್ನಲ್ಲೇ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ, ಬೆಳಗಾವಿ ಜಿಲ್ಲೆಯವರೇ ಆದ ಲಕ್ಷ್ಮೀ ಹೆಬ್ಬಾಳಕರ, ಗೃಹಲಕ್ಷ್ಮಿ ಹಣದಿಂದ ಏನು ಮಾಡಿದಿರೆಂದು ರೀಲ್ಸ್ ಮಾಡಿ ಹಾಕಿ ಎಂದು ಫಲಾನುಭವಿಗಳನ್ನು ಕರೆದು ಬಹುಮಾನವನ್ನೂ ಘೋಷಿಸಿದರು. ಫ್ರಿಜ್ಜು, ಹೊಲಿಗೆ ಯಂತ್ರ, ಮಗನ ಬೈಕಿನ ಮುಂಗಡ, ಮೊಮ್ಮಗಳ ಪುಸ್ತಕ ಹೀಗೆ ಒಂದೊಂದು ಮನೆಯ ಲೆಕ್ಕ ತೆರೆಯ ಮೇಲೆ ಬಂತು.

ಯೋಜನೆಯನ್ನು ಬಿಟ್ಟಿ ಭಾಗ್ಯ ಎಂದು ಜರೆಯುವವರು ಈ ವಿಡಿಯೊಗಳನ್ನು ಪ್ರಚಾರವೆಂದರು. ಹೊಗಳುವವರು ಸಬಲೀಕರಣದ ಸಾಕ್ಷಿ ಎಂದರು. ಎರಡು ಕಡೆಯವರೂ ಆ ಅಜ್ಜಿಯನ್ನು ಸರ್ಕಾರದ ಕನ್ನಡಿಯಲ್ಲೇ ನೋಡಿದರು. ಊಟದ ಕಡೆ ನೋಡಿದರೆ ಬೇರೆ ವಿಷಯ ಕಾಣುತ್ತದೆ. ಊರಿಗೆ ಅನ್ನ ಹಾಕುವುದು ಈ ಸೀಮೆಯಲ್ಲಿ ಜಮೀನುದಾರರ, ಗುಡಿಯ ಹಿರಿಯರ, ಚುನಾವಣೆಗೆ ನಿಲ್ಲುವ ಗಂಡಸರ ಹಕ್ಕು. ಅದರಿಂದ ಬರುವ ಮಾನವೂ ಅವರದು. ತನ್ನ ಹೆಸರಿನ ಖಾತೆಗೆ ಬಂದ ದುಡ್ಡನ್ನು ಅಂಥ ಊಟಕ್ಕೆ ಖರ್ಚು ಮಾಡಿದ್ದು ಹೆಂಗಸೊಬ್ಬಳು. ಔಷಧಕ್ಕೆ ಇಟ್ಟುಕೊಳ್ಳಬೇಕಿತ್ತು ಎಂದು ಕಮೆಂಟಿನಲ್ಲಿ ಬುದ್ಧಿ ಹೇಳಿದವರಿಗೆ ಇದು ಹೊಳೆಯಲಿಲ್ಲ. ಹಾಗೆಂದು ಇದೆಲ್ಲ ಸಿಹಿಯಾಗಿಯೇ ಇದೆ ಎನ್ನುವಂತಿಲ್ಲ: ರೀಲ್ಸ್ ಸ್ಪರ್ಧೆಯಲ್ಲಿ ಸಂತೋಷದ ಕಥೆಗೆ ಜಾಗವಿತ್ತು, ಕಂತು ತಡವಾದಾಗಿನ ಸಿಟ್ಟಿಗೆ ಜಾಗವಿರಲಿಲ್ಲ. ಹಕ್ಕನ್ನು ಕೃತಜ್ಞತೆಯ ರೂಪದಲ್ಲಿ ಮಾತ್ರ ತೋರಿಸಿ ಎಂದು ಸರ್ಕಾರವೇ ಕೇಳುವಾಗ ಸ್ತ್ರೀವಾದಿಗಳು ಎಚ್ಚರವಾಗಬೇಕಾಗುತ್ತದೆ.

ವಿಡಿಯೊ ಗಾಯವಾಗುವಾಗ

2023ರ ಡಿಸೆಂಬರ್ 11ರ ನಸುಕಿನಲ್ಲಿ ಬೆಳಗಾವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಮಗ ಪ್ರೀತಿಸಿದ ಹುಡುಗಿಯೊಡನೆ ಓಡಿಹೋದನೆಂದು ಅವನ ತಾಯಿಯನ್ನು ಹುಡುಗಿಯ ಕಡೆಯವರು ಮನೆಯಿಂದ ಎಳೆದು, ಬಟ್ಟೆ ಕಳಚಿ, ಮೆರವಣಿಗೆ ಮಾಡಿ ಕಂಬಕ್ಕೆ ಕಟ್ಟಿದರು. ಹಳ್ಳಿಯ ಹೆಸರು ಆಮೇಲೆ ಪ್ರಕರಣದ ಹೆಸರೇ ಆಯಿತು. ಇಲ್ಲಿ ಅದನ್ನು ಬರೆಯುತ್ತಿಲ್ಲ. ಸುವರ್ಣ ವಿಧಾನಸೌಧದಲ್ಲಿ ಆಗ ಅಧಿವೇಶನ ನಡೆದಿತ್ತು. ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಹೈಕೋರ್ಟ್ ಪೀಠ ಪ್ರಕರಣವನ್ನು ಸ್ವಯಂಪ್ರೇರಿತವಾಗಿ ಎತ್ತಿಕೊಂಡಿತು. ಆಸ್ಪತ್ರೆಗೆ ನಾಯಕರು, ಕ್ಯಾಮರಾಗಳು, ಸಂಘಟನೆಗಳು ಸಾಲುಗಟ್ಟಿದಾಗ ಸಂತ್ರಸ್ತೆಯ ಭೇಟಿಗೆ ನಿರ್ಬಂಧವನ್ನೂ ಹೇರಿತು. ಜಾಲತಾಣದ ಸಿಟ್ಟು ಪ್ರಕರಣವನ್ನು ಮುಚ್ಚಿಹೋಗದಂತೆ ತಡೆಯಿತು, ನಿಜ. ಅದೇ ಸಿಟ್ಟು ಅವಳ ಊರು, ಮನೆ, ಬಂಧುಗಳ ಗುರುತನ್ನು ನಾಡಿಗೆಲ್ಲ ಹಂಚಿತು. ಹಂಚಿದವರಲ್ಲಿ ಒಳ್ಳೆಯ ಮನಸ್ಸಿನ ಸ್ತ್ರೀವಾದಿಗಳೂ ಇದ್ದರು.

ಇದರ ಭೀಕರ ರೂಪ ನಾಲ್ಕು ತಿಂಗಳಲ್ಲೇ ಹಾಸನದಲ್ಲಿ ಕಂಡಿತು. ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದ ಲೈಂಗಿಕ ದೌರ್ಜನ್ಯದ ವಿಡಿಯೊಗಳು 2024ರ ಏಪ್ರಿಲಿನಲ್ಲಿ ಪೆನ್‌ಡ್ರೈವ್‌ಗಳಲ್ಲಿ, ಬಳಿಕ ವಾಟ್ಸ್‌ಆ್ಯಪ್‌ನಲ್ಲಿ, ಹೆಂಗಸರ ಮುಖ ಮರೆಮಾಡದೆಯೇ ಹರಡಿದವು. ಹಲವರು ಊರು ಬಿಡಬೇಕಾಯಿತು. ಅಂಥ ವಿಡಿಯೊ ಇಟ್ಟುಕೊಳ್ಳುವುದು, ಕಳಿಸುವುದು ಅಪರಾಧವೆಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ಮಹಿಳಾ ಸಂಘಟನೆಗಳು ಮೇ 30ರಂದು ‘ಹಾಸನ ಚಲೋ’ ನಡೆಸಿದವು. ಪ್ರಕರಣಗಳಲ್ಲೊಂದರಲ್ಲಿ, ಮನೆಗೆಲಸದ ಮಹಿಳೆಯ ದೂರಿನ ಮೇಲೆ, 2025ರ ಆಗಸ್ಟಿನಲ್ಲಿ ವಿಶೇಷ ನ್ಯಾಯಾಲಯ ಪ್ರಜ್ವಲ್ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅತ್ಯಾಚಾರದ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಡಿ ಅಪರಾಧ. ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದೂ ಕಳಿಸುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, ಲೈಂಗಿಕ ಕ್ರಿಯೆಯ ದೃಶ್ಯ ಹರಡುವುದು 67ಎ ಕಲಮಿಗೆ ಬರುತ್ತವೆ. ನೆರವು ಬೇಕಾದವರಿಗೆ ಮಹಿಳಾ ಸಹಾಯವಾಣಿ 181 ಇದೆ. ‘ನಾನು ಬರೇ ಫಾರ್ವರ್ಡ್ ಮಾಡಿದ್ದು’ ಎಂಬ ಸಮರ್ಥನೆ ಈ ಕಲಮುಗಳ ಮುಂದೆ ನಿಲ್ಲುವುದಿಲ್ಲ.

ಚುನಾವಣೆ

ಚಿಕ್ಕೋಡಿ ಲೋಕಸಭಾ ಕ್ಷೇತ್ರದಿಂದ 1996ರಲ್ಲಿ ರತ್ನಮಾಲಾ ಸವಣೂರ ಗೆದ್ದು ಕೇಂದ್ರದಲ್ಲಿ ರಾಜ್ಯ ಸಚಿವೆಯಾಗಿದ್ದರು. 2024ರಲ್ಲಿ ಪ್ರಿಯಾಂಕಾ ಜಾರಕಿಹೊಳಿ ಹಾಲಿ ಸಂಸದ ಅಣ್ಣಾಸಾಹೇಬ ಜೊಲ್ಲೆ ಅವರನ್ನು 90 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ, ತಮ್ಮ ಇಪ್ಪತ್ತರ ಹರೆಯದಲ್ಲೇ ಸಂಸತ್ತಿಗೆ ಹೋದರು. ನಿಪ್ಪಾಣಿಯನ್ನು 2013ರಿಂದ ಪ್ರತಿನಿಧಿಸುತ್ತಿರುವವರು ಶಶಿಕಲಾ ಜೊಲ್ಲೆ. 2019ರಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯೂ ಆದರು. ಪ್ರಿಯಾಂಕಾ, ಶಶಿಕಲಾ ಇಬ್ಬರ ಪ್ರಚಾರದಲ್ಲೂ ಜಾಲತಾಣಕ್ಕೆ ದೊಡ್ಡ ಪಾಲಿದೆ, ಮನೆತನಕ್ಕೆ ಅದಕ್ಕಿಂತ ದೊಡ್ಡ ಪಾಲಿದೆ. ಇಬ್ಬರು ಹೆಂಗಸರು ಅಧಿಕಾರದಲ್ಲಿರುವುದು ಈ ಸೀಮೆಯ ಹುಡುಗಿಯರಿಗೆ ನಿತ್ಯ ಕಾಣುವ ಚಿತ್ರವಾಗಿದೆ ಎಂಬಷ್ಟನ್ನು ಒಪ್ಪಿ, ಸ್ತ್ರೀವಾದದ ಲೆಕ್ಕವನ್ನು ಇಲ್ಲಿ ಬೇರೆ ಇಡುವುದು ಒಳ್ಳೆಯದು.

ಚಪ್ಪಲಿಯ ಹೆಸರು

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಗಳನ್ನು ತೋರಿಸಿತು, ಮೂಲ ಎಲ್ಲಿಯದೆಂದು ಹೇಳಲಿಲ್ಲ. ಜಾಲತಾಣಗಳಲ್ಲಿ ಎದ್ದ ಗದ್ದಲಕ್ಕೆ ಮಣಿದು ಸಂಸ್ಥೆ ಭಾರತೀಯ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ಆ ಗದ್ದಲ ಮೊದಮೊದಲು ಕೊಲ್ಹಾಪುರದ ಹೆಸರಿನಲ್ಲೇ ನಡೆಯಿತು. ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ತಮ್ಮ ಎಕ್ಸ್ ಖಾತೆಯಲ್ಲಿ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕುಶಲಕರ್ಮಿಗಳನ್ನು ನೆನಪಿಸಿದ ಮೇಲೆ ಈ ಸೀಮೆ ಚರ್ಚೆಗೆ ಬಂತು. 2019ರಿಂದ ಈ ಚಪ್ಪಲಿಯ ಭೌಗೋಳಿಕ ಸೂಚಕ ಎರಡೂ ರಾಜ್ಯಗಳದು: ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿವೆ; ಆಯಾ ರಾಜ್ಯದ ಚರ್ಮೋದ್ಯಮ ನಿಗಮಗಳಾದ ಲಿಡ್ಕಾಂ ಮತ್ತು ಲಿಡ್ಕರ್ ಜಂಟಿ ಒಡೆಯರು.

ಹೀಗೆ ಊರಿಗೆ ಹೆಸರು ಬಂತು, ಜಾತಿಗೆ ಅರ್ಧ ಬಂತು, ಹೆಂಗಸಿಗೆ ಬರಲೇ ಇಲ್ಲ. ಸಮಗಾರ ಕುಟುಂಬಗಳಲ್ಲಿ ಅಟ್ಟೆ ಕತ್ತರಿಸುವುದು, ಜೋಡಿಸುವುದು ಗಂಡಸರ ಕೆಲಸ; ಚರ್ಮದ ಸಪೂರ ಎಳೆಗಳನ್ನು ಜಡೆಯಂತೆ ಹೆಣೆಯುವುದು, ಮೇಲ್ಪಟ್ಟಿ ಹೊಲಿಯುವುದು ಹೆಚ್ಚಾಗಿ ಹೆಂಗಸರದು. ಪ್ರಾಡಾದ ಚಪ್ಪಲಿಯಲ್ಲಿ ಕಣ್ಣಿಗೆ ಬೀಳುವುದೂ ಆ ಹೆಣಿಗೆಯೇ. ಅಥಣಿಯಲ್ಲಿ ಇದನ್ನು ಮೊದಲೇ ಗುರುತಿಸಿದವರಿದ್ದರು. ಮಧುರಾ ಛತ್ರಪತಿ ಅವರ ಅಸೆಂಟ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಹೆಂಗಸರ ಸ್ವಸಹಾಯ ಸಂಘಗಳನ್ನು ಕಟ್ಟಿ, ಟೋಹೋಲ್ಡ್ ಎಂಬ ಕುಶಲಕರ್ಮಿಗಳ ಒಕ್ಕೂಟದ ಮೂಲಕ ಅಥಣಿಯ ಚಪ್ಪಲಿಯನ್ನು ವಿದೇಶಿ ಮಾರುಕಟ್ಟೆಗೆ ಒಯ್ದಿತು. ಮನೆಯ ಪಡಸಾಲೆಯಲ್ಲಿ ಗಂಡನ ಲೆಕ್ಕಕ್ಕೆ ಹೋಗುತ್ತಿದ್ದ ಹೆಣಿಗೆ ಆಗ ಹೆಂಗಸಿನ ಸಂಘದ ಬುಕ್ಕಿನಲ್ಲಿ ಕೂಲಿಯಾಗಿ ಬರೆಸಿಕೊಂಡಿತು. 2025ರ ಬಿರುಗಾಳಿಯ ಪೋಸ್ಟುಗಳಲ್ಲಿ ಈ ಇತಿಹಾಸ ಅಷ್ಟಾಗಿ ಕಾಣಲಿಲ್ಲ. ಹಂಚಿಕೆಯಾದ ಫೋಟೋಗಳಲ್ಲಿ ಹೆಚ್ಚಾಗಿ ಇದ್ದದ್ದು ಉಳಿ ಹಿಡಿದ ಮುದುಕರು.

ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಾಡಾ ಎರಡೂ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡು, ಮಹಾರಾಷ್ಟ್ರ ಮತ್ತು ಕರ್ನಾಟಕಗಳಲ್ಲಿ 2000 ಜೊತೆ ಚಪ್ಪಲಿ ಮಾಡಿಸಿಕೊಳ್ಳುವುದಾಗಿ ಹೇಳಿತು. ಜೊತೆಯೊಂದರ ಬೆಲೆ ಸುಮಾರು 800 ಯೂರೊ. 1999ರ ಭೌಗೋಳಿಕ ಸೂಚಕ ಕಾಯ್ದೆಯಡಿ ವಸ್ತುವನ್ನು ತಯಾರಿಸುವ ಯಾರೇ ಆದರೂ ಅಧಿಕೃತ ಬಳಕೆದಾರರಾಗಿ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳಬಹುದು. ಕುಟುಂಬದ ಯಜಮಾನನಿಗೆ ಮಾತ್ರ ಎಂಬ ಷರತ್ತು ಅದರಲ್ಲಿ ಎಲ್ಲಿಯೂ ಇಲ್ಲ. ಅಥಣಿಯಲ್ಲಿ ಮನೆಯೊಳಗೆ ಕೂತು ಎಳೆ ಹೆಣೆಯುವವಳು ತನ್ನ ಹೆಸರಿನಲ್ಲೇ ಅರ್ಜಿ ಹಾಕಬಹುದು.